ಮೇಜರ್ ಮೆಚ್ಚಿದ ಮನುಷ್ಯ

ಇಷ್ಟಕ್ಕೆಲ್ಲ ಕಾರಣ ಗೋಪಾಲನ ಬಾಯಿ. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಮಾಲೀಕರಾದ ಗುರ್‌ಬಕ್ಷ್ ಸಿಂಗ್ ಸಾಹೇಬರ ಎದುರಿಗೆ, "ನಮ್ಮ ಮಧುಕರ ಓದಿದ್ದು ಮಡಿಕೇರಿಲಿ ಸರ್. ಅಲ್ಲಿ ತೊಟ್ಟಿಲ ಮಗೂನೂ ಕೋವಿ ಹಿಡಿಯುತ್ತೆ" ಎಂದುಬಿಟ್ಟ. ಮಧುಕರ ಮಡಿಕೇರಿಯಲ್ಲಿ ಡಿಪ್ಲೊಮಾ ಮಾಡಿದ್ದು ನಿಜ. ಕೋವಿ ಮುಟ್ಟಿದ್ದೂ ನಿಜ. ಕೈಲ್ ಪೊಳ್ದ್ ಹಬ್ಬದ ದಿನ ಬಾಡಿಗೆಗಿದ್ದ ಮನೆಯ ಯಜಮಾನರು ಪೂಜೆಗಿಟ್ಟಿದ್ದ ಕೋವಿಗೆ ಒಂದು ಹೂ ಮುಡಿಸಿದ್ದ, ಅಷ್ಟೆ. ಸಾಹೇಬರು ಅಷ್ಟೆಲ್ಲ ಕೇಳುವವರಲ್ಲ. "ಭಾನುವಾರ ನನ್ನ ಜೊತೆ ಪಾರಿವಾಳದ ಬೇಟೆಗೆ ಬಾ" ಎಂದು ಬೆನ್ನು ತಟ್ಟಿ ಹೊರಟುಹೋದರು.

ಬರುವುದಿಲ್ಲ ಎನ್ನುವ ಧೈರ್ಯ ಮಧುಕರನಿಗೆ ಎಲ್ಲಿಂದ ಬರಬೇಕು? ಈ ಪರದೇಶದಲ್ಲಿ ದುಡಿಯಲು ಬೇಕಾದ ಅವನ ವರ್ಕ್ ಪರ್ಮಿಟ್ ಜೂನ್‌ಗೆ ಮುಗಿಯುವುದರಲ್ಲಿತ್ತು. ಸಾಹೇಬರು ಮನಸ್ಸು ಮಾಡದಿದ್ದರೆ ಕೆಲಸವೂ ಇಲ್ಲ, ಸೌತ್ ಬಿ ಬಡಾವಣೆಯ ಕಂಪನಿ ಫ್ಲಾಟೂ ಇಲ್ಲ, ಮಗಳು ನಿಕಿತಾಳ ಶಾಲೆಯೂ ಇಲ್ಲ. ಮೇಲಾಗಿ, ಮಾತ್ರೆ ಮಾಡುವ ವಿಭಾಗದಲ್ಲಿದ್ದ ಇಬ್ಬರು ಕನ್ನಡಿಗರಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತಾರೆಂಬ ಗುಸುಗುಸು ಬೇರೆ ಇತ್ತು. ಆ ಇಬ್ಬರು ಎಂದರೆ ಮಧುಕರ ಮತ್ತು ಗೋಪಾಲ.

ಭಾನುವಾರ ಬೆಳಿಗ್ಗೆ ಹೆಂಡತಿ ವಿಜಿ ಮೊಸರನ್ನದ ಡಬ್ಬಿ ಕೊಟ್ಟು, "ಅವ್ರು ಏನು ಹೇಳಿದ್ರೂ ಹ್ಞೂಂ ಅನ್ನಿ, ವಾದ ಮಾಡ್ಬೇಡಿ" ಎಂದಳು. ಕೆಳಗಿನ ಮನೆಯ ಕಾತ್ಯಾಯಿನಿ ಮೆಟ್ಟಿಲ ಬಳಿ ಕಾದು ನಿಂತು ಉಪದೇಶ ಮಾಡಿದರು: "ಹೊಡೆಯೋವಾಗ ಕಣ್ಣು ಮುಚ್ಕೊಂಡ್ಬಿಡಿ ಮಧುಕರ್, ಪಾಪ ತಟ್ಟಲ್ಲ." ನಿಕಿತಾ ಮಾತ್ರ, "ಡ್ಯಾಡ್, ದಟ್ಸ್ ಸೋ ಕ್ರುಯಲ್" ಎಂದು ಬಾಗಿಲು ಹಾಕಿಕೊಂಡಳು. ಅವಳ ಶಾಲೆಗಾಗಿಯೇ ಹೊರಟವನಿಗೆ ಇದು ಚುಚ್ಚಿತು.

ಊರಂಚಿನ ಎಂಬಕಸಿ ದಾಟಿ, ಸಾಹೇಬರ ಕಾರಿನ ಹಿಂದೆ ತನ್ನ ಕಾರಿನಲ್ಲಿ ಒಂದು ಗಂಟೆ ಧೂಳಿನಲ್ಲಿ ಹೋದರೆ ಸಾಹೇಬರ ಗೆಳೆಯರೊಬ್ಬರ ಸೂರ್ಯಕಾಂತಿ ಹೊಲ. ಪಾರಿವಾಳಗಳು ಬೀಜವನ್ನೆಲ್ಲ ಮುಕ್ಕುತ್ತಿದ್ದವು. ಲೈಸೆನ್ಸ್ ಇದ್ದ ಸಾಹೇಬರು ಅವನ್ನು ಹೊಡೆಯಲು ಬರುತ್ತಿದ್ದರು. ಅವರ ಜೊತೆಗೆ ಮೇಜರ್ ಎಂಬ ಕಪ್ಪು ಲ್ಯಾಬ್ರಡಾರ್ ಇತ್ತು. ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ನಾಟದಂತೆ ಕಚ್ಚಿ ತರುವುದು ಅದರ ಕೆಲಸ.

"ಇವ್ನು ನನ್ನ ಕೈಗೆ ಬಿಟ್ಟು ಇನ್ಯಾರ ಕೈಗೂ ಹಕ್ಕಿ ಕೊಡಲ್ಲ. ನನ್ನ ಹೆಂಡತಿಗೂ ಕೊಟ್ಟಿಲ್ಲ" ಎಂದರು ಸಾಹೇಬರು, ತಮ್ಮ ಎಂದಿನ ಹಿಂದಿ ಇಂಗ್ಲಿಷ್ ಬೆರಕೆಯಲ್ಲಿ.

ಮೊದಲ ಗುಂಡು ಮಡಿಕೇರಿಯವನದೇ ಆಗಬೇಕೆಂದಾಯಿತು. ಮಧುಕರ ಕಾತ್ಯಾಯಿನಿ ಹೇಳಿದಂತೆ ಕಣ್ಣು ಮುಚ್ಚಿ ಕೋವಿಯ ಕುದುರೆ ಎಳೆದ. ಕಣ್ಣು ತೆರೆದಾಗ ಸೂರ್ಯಕಾಂತಿ ಗಿಡಗಳ ನಡುವೆ ಅಂಗಾತ ಬಿದ್ದಿದ್ದ. ಭುಜ ಕಿತ್ತುಬಂದಂತಿತ್ತು. ಪಾರಿವಾಳಗಳು ಮೇಲೆ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ಕುಳಿತವು.

"ನಮ್ಮ ಕಡೆ ಕೋವಿ ಬೇರೆ ಥರ ಇರುತ್ತೆ ಸರ್," ಎಂದ.

"ನೀನು ಕೂತ್ಕೊಂಡು ನೋಡು," ಎಂದರು ಸಾಹೇಬರು, ಕೋವಿ ಕಿತ್ತುಕೊಂಡು.

ಮಧ್ಯಾಹ್ನ ಸಾಹೇಬರು ಕಬಾಬು ಬಿಚ್ಚಿದಾಗ ಮಧುಕರ ಡಬ್ಬಿ ಹಿಡಿದು ದೂರದ ಮರದಡಿಗೆ ಹೋದ. ಹಿಂದೆಯೇ ಮೇಜರ್ ಬಂತು. ಹೆದರಿಕೆಗೆ ಒಂದು ತುತ್ತು ಮೊಸರನ್ನ ಹಾಕಿದ. ಹುಟ್ಟಿದಾಗಿನಿಂದ ಒಣ ಬಿಸ್ಕತ್ತು ತಿಂದು ಬೆಳೆದ ನಾಯಿ ಅದು. ತುತ್ತು ತಿಂದಿತು, ಡಬ್ಬಿ ನೆಕ್ಕಿತು, ಬಾಳಕದ ಮೆಣಸಿನಕಾಯಿಯನ್ನೂ ಬಿಡದೆ ಅಗಿದು ಮಧುಕರನ ಮುಖ ನೋಡಿತು. ಆ ನೋಟದಲ್ಲಿದ್ದ ಭಕ್ತಿಯನ್ನು ಅವನು ಮನೆಯಲ್ಲಂತೂ ಎಂದೂ ಕಂಡಿರಲಿಲ್ಲ.

ಊಟದ ನಂತರ ಸಾಹೇಬರು ಒಂದು ಹಕ್ಕಿಯನ್ನು ಉರುಳಿಸಿದರು. ಮೇಜರ್ ಓಡಿ ಕಚ್ಚಿಕೊಂಡು ಬಂದು, ಸಾಹೇಬರನ್ನು ದಾಟಿ, ಮಧುಕರನ ಮುಂದೆ ಕುಳಿತಿತು.

"ಹೋಗೋ ಮಾರಾಯ, ಅವರ ಹತ್ರ ಹೋಗೋ!" ಎಂದು ಮಧುಕರ ಅಂಗಲಾಚಿದ. ಕನ್ನಡ ಅದಕ್ಕೆ ಹತ್ತಲಿಲ್ಲ. ಸಾಹೇಬರು ಸಿಳ್ಳೆ ಹಾಕಿದರು, ಹೆಸರು ಹಿಡಿದು ಕೂಗಿದರು, ಮೂವತ್ತು ವರ್ಷದ ಹಿಂದಿನ ಬೈಗುಳವನ್ನೆಲ್ಲ ಹೊರತೆಗೆದರು. ನಾಯಿ ಅಲ್ಲಾಡಲಿಲ್ಲ. ಕೊನೆಗೆ ಮೊಟ್ಟೆಯನ್ನೂ ಮುಟ್ಟದ ಮಧುಕರ ಕೈ ಚಾಚಿದ. ಹಕ್ಕಿ ಇನ್ನೂ ಬೆಚ್ಚಗಿತ್ತು. ಹೊಟ್ಟೆಪಾಡಿಗೆ ಏನೇನು ಹಿಡಿಯಬೇಕಾಯಿತಲ್ಲ ಎಂದು ಅವನಿಗೆ ಅಳುವೇ ಬಂತು.

ಆಮೇಲೆ ಅದೇ ಪದ್ಧತಿಯಾಯಿತು. ಸಾಹೇಬರು ಹೊಡೆಯುವುದು, ನಾಯಿ ಮಧುಕರನಿಗೆ ತಂದು ಕೊಡುವುದು, ಮಧುಕರ ಅದನ್ನು ಎರಡು ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಸಾಹೇಬರ ಹತ್ತಿರ ಓಡುವುದು. ನೌಕರಿ ಇವತ್ತಿಗೆ ಮುಗಿಯಿತು ಎಂದೇ ಅವನು ಓಡುತ್ತಿದ್ದ.

ಆದರೆ ಸಾಹೇಬರ ಮುಖದ ಸಿಟ್ಟು ಇಳಿಯುತ್ತ ಬಂತು. ಕೋವಿ ಕೆಳಗಿಟ್ಟು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಬೆಳಿಗ್ಗೆ ಬೇಗ ಏಳ್ತೀಯಾ ಮಧು?"

"ಐದಕ್ಕೇ ಏಳ್ತೀನಿ ಸರ್."

"ವಾಕಿಂಗ್?"

"ದಿನಾ ಸರ್." ಹಸಿ ಸುಳ್ಳು.

"ಸಿಟ್ಟು ಬರುತ್ತಾ? ಕೈ ಎತ್ತೋ ಸ್ವಭಾವ?"

"ಛೆ ಛೆ, ಸೊಳ್ಳೆ ಮೇಲೂ ಎತ್ತಲ್ಲ ಸರ್."

"ನಿನ್ನಂಥವನನ್ನೇ ಹುಡುಕ್ತಿದ್ದೆ," ಎಂದು ಸಾಹೇಬರು ಅವನ ಕೈ ಒತ್ತಿದರು. ಮಧುಕರ ಮರದ ಹಿಂದೆ ಹೋಗಿ ಮೊಬೈಲಿನಲ್ಲಿ ವಿಜಿಗೆ ಪಿಸುಗುಟ್ಟಿದ: "ಆಯ್ತು ಅನ್ಸುತ್ತೆ ಕಣೆ. ಬರೀ ಪರ್ಮಿಟ್ ಅಲ್ಲ, ಮ್ಯಾನೇಜರ್ ಪೋಸ್ಟೇ ಇರ್ಬೇಕು."

ಸಂಜೆ ಕಾರಿನ ಹತ್ತಿರ ಸಾಹೇಬರ ಕಣ್ಣು ಒದ್ದೆಯಾಗಿತ್ತು. "ಫ್ಯಾಕ್ಟರಿ ಮಾರಿಬಿಟ್ಟೆ ಮಧು. ಟೊರಾಂಟೊಗೆ, ಮಗನ ಹತ್ರ ಹೋಗ್ತಿದೀನಿ. ಸೊಸೆಗೆ ನಾಯಿ ಕಂಡ್ರೆ ಆಗಲ್ಲ. ಹೊಸ ಮಾಲೀಕರು ನಿಮ್ಮಿಬ್ಬರಲ್ಲಿ ಒಬ್ಬನನ್ನ ಇಟ್ಕೊಳ್ತಾರಂತೆ. ಕಳೆದ ಭಾನುವಾರ ಗೋಪಾಲನ್ನ ಇಲ್ಲಿಗೆ ಕರ್ಕೊಂಡು ಬಂದೆ. ಮೇಜರ್ ಅವನ ಪ್ಯಾಂಟು ಹರಿದುಹಾಕಿದ. ಅಂಥವನ ಕೈಗೆ ಮೇಜರ್‌ನ ಒಪ್ಸೋಕಾಗುತ್ತಾ? ಅದಕ್ಕೇ ಅವನಿಗೆ ಕೆಲಸ ಕೊಟ್ಟೆ."

ಮಧುಕರ ಕೇಳಿಯೇಬಿಟ್ಟ: "ಸರ್, ನನಗೆ?"

"ನಿನಗೆ ಮೇಜರ್!" ಎಂದು ಸಾಹೇಬರು ಅವನನ್ನು ಅಪ್ಪಿಕೊಂಡರು. "ಹೇಗೂ ಜೂನ್‌ನಲ್ಲಿ ಊರಿಗೆ ಹೋಗ್ತೀಯಲ್ಲ. ನಿಮ್ಮ ಬೆಂಗಳೂರಿನ ಹವೆ ಅವ್ನಿಗೆ ಒಗ್ಗುತ್ತೆ. ವಿಮಾನದ ಖರ್ಚು ನಾನಾಗಲೇ ಕಟ್ಟಿದೀನಿ."

"ನನ್ನದಾ ಸರ್?"

"ಮೇಜರ್‌ದು. ನಿನ್ನದು ಹೊಸಬರನ್ನ ಕೇಳಿ ನೋಡು."

ಏನು ಹೇಳಿದರೂ ಹ್ಞೂಂ ಎನ್ನಬೇಕೆಂದು ಹೆಂಡತಿ ಕಲಿಸಿದ್ದಳಲ್ಲ, ಮಧುಕರ ಹ್ಞೂಂ ಎಂದ. ಕಳೆದ ಸೋಮವಾರವಿಡೀ ಗೋಪಾಲ ಕುಂಟುತ್ತ, "ಮೆಟ್ಟಿಲಲ್ಲಿ ಜಾರಿದೆ ಕಣಯ್ಯ" ಎಂದು ಹೇಳಿಕೊಂಡು ಓಡಾಡಿದ್ದೂ, ಮರುದಿನವೇ ಕ್ಯಾಂಟೀನಿನಲ್ಲಿ ಇವನ ಕೋವಿಯ ಗುಣಗಾನ ಮಾಡಿದ್ದೂ ಏಕೆಂದು ಈಗ ತಿಳಿಯಿತು. ತಿಳಿದು ಮಾಡುವುದೇನು? ಸಾಹೇಬರ ಕಾರು ಧೂಳೆಬ್ಬಿಸಿ ಹೊರಟುಹೋಯಿತು.

ತನ್ನ ಹಳೆಯ ಟೊಯೊಟಾದಲ್ಲಿ ಅವನು ಕೀಲಿ ತಿರುಗಿಸುವಷ್ಟರಲ್ಲಿ ಫೋನ್ ಬಂತು.

"ರೀ, ಕಾತ್ಯಾಯಿನಿಗೆ ಹೇಳ್ಬಿಟ್ಟೆ, ಪಾಯಸಾನೂ ಇಟ್ಟಿದೀನಿ. ಸಾಹೇಬ್ರು ಪಕ್ಕಾ ಮಾಡಿದ್ರಾ?"

"ಪಕ್ಕಾ ಮಾಡಿದ್ರು."

"ದೇವ್ರು ದೊಡ್ಡವನು! ಯಾವತ್ತಿಂದ?"

"ಇವತ್ತಿಂದಲೇ," ಎಂದ ಮಧುಕರ. ಹಿಂದಿನ ಸೀಟಿನಿಂದ ಮೇಜರ್ ಮುಂದೆ ಬಾಗಿ ಅವನ ಕಿವಿ ನೆಕ್ಕತೊಡಗಿತು.