ಹೊಟ್ಟೆಗೆ ಸುತ್ತಿಕೊಂಡ ಮದುವೆ ಸೀರೆ

ರಬಕವಿಗೂ ಬನಹಟ್ಟಿಗೂ ನಡುವಿನ ದಾರಿ ಒಂದು ಬೀಡಿ ಸೇದಿ ಮುಗಿಸುವಷ್ಟು. ಆದರೂ ಸಂಸ್ಥಾನಗಳ ಆ ಕಾಲದಲ್ಲಿ ರಬಕವಿ ಒಬ್ಬ ರಾಜರದು, ಬನಹಟ್ಟಿ ಇನ್ನೊಬ್ಬರದು. ನಮ್ಮ ಮನೆ ಈ ರಾಜ್ಯದಲ್ಲಿ, ಮಾವನ ಮನೆ ಆ ರಾಜ್ಯದಲ್ಲಿ. ಹೊಸ ಬಟ್ಟೆ ದಾಟಿಸಬೇಕೆಂದರೆ ನಡುವಿನ ಸುಂಕದ ನಾಕಾದಲ್ಲಿ ಜಕಾತಿ ಕಟ್ಟಬೇಕು.

ಹೆಂಡತಿಯ ತಂಗಿಯ ಮದುವೆಗೆಂದು ಸೊಲ್ಲಾಪುರದಲ್ಲಿ ತಿಂಗಳೊಪ್ಪತ್ತು ದುಡಿದು, ನನ್ನ ಕೈಯಾರೆ ಕೆಂಪು ಸೀರೆ ನೇಯ್ದು ತಂದೆ. ಹೆಂಡತಿ ಆಗಲೇ ತವರಿನಲ್ಲಿದ್ದಳು. ಅದಕ್ಕೂ ಜಕಾತಿ ಕೊಡುವ ದಡ್ಡ ನಾನಲ್ಲ ಎಂದುಕೊಂಡು, ಒಂಬತ್ತು ಗಜವನ್ನೂ ಹೊಟ್ಟೆಗೆ ಸುತ್ತಿ ಮೇಲೆ ಅಂಗಿ ತೊಟ್ಟೆ. ದಾರಿಯಲ್ಲಿ ಯಾರನ್ನೂ ಮಾತಾಡಿಸಲಿಲ್ಲ. ಗುಟ್ಟು ಹೊರಬೀಳಬಾರದಲ್ಲ!

ನಾಕಾದ ಸಿಪಾಯಿ ಭೀಮಪ್ಪ ಹೊರಸಿನ ಮೇಲೆ ಕೂತಿದ್ದ. ನನ್ನ ಹೊಟ್ಟೆಯನ್ನೇ ನೋಡಿದ.

“ಇದೇನ್ರೀ, ಹೊಟ್ಟಿ ಹಿಂಗ ಬಾತೈತಿ?”

ಘೋರವಾದ ಉದರವ್ಯಾಧಿ ಎಂದು ನರಳಿದೆ. ಸ್ವಲ್ಪ ಹೆಚ್ಚೇ ನರಳಿದೆ ಅನ್ನಿಸುತ್ತದೆ. ಭೀಮಪ್ಪ ಕರುಣಾಳು. ನನ್ನನ್ನು ಹೊರಸಿನ ಮೇಲೆ ಕೆಡವಿ, ಚಹಾದ ಒಲೆಯ ಮೇಲೆ ನೀರು ಕಾಯಿಸಿ, ಬಿಸಿನೀರಿನಲ್ಲಿ ಅದ್ದಿದ ಪಂಜೆಯನ್ನು ಅಂಗಿಯ ಮೇಲೆಯೇ ಒತ್ತತೊಡಗಿದ. ಬೇಡವೆಂದಷ್ಟೂ ಜೋರಾಗಿ ಒತ್ತಿದ.

ಅಂಗಿ ಕೆಂಪಾಯಿತು. ಹೊರಸಿನಿಂದ ಕೆಂಪು ಹನಿಗಳು ತೊಟ್ಟಿಕ್ಕಿದವು. ಹೊಟ್ಟೆ ಒಡೆಯಿತೆಂದು ಭೀಮಪ್ಪ ಎರಡೂ ರಾಜ್ಯಗಳಿಗೆ ಕೇಳುವಂತೆ ಕೂಗಿಕೊಂಡ. ಎರಡೂ ರಾಜ್ಯಗಳೂ ಓಡಿ ಬಂದವು. ಯಾರೋ ಅಂಗಿ ಎತ್ತಿದರು, ಯಾರೋ ಸೆರಗು ಹಿಡಿದೆಳೆದರು. ನಾನು ಬುಗುರಿಯಂತೆ ಗಿರಗಿರ ತಿರುಗಿ ಬರಿಹೊಟ್ಟೆಯಲ್ಲಿ ನಿಂತೆ.

ಜಕಾತಿ ತಪ್ಪಿಸಲು ಹೀಗೆ ಮಾಡಿದೆ, ಹಿಡಿದು ಒಳಗೆ ಹಾಕಬೇಡಪ್ಪ ಎಂದು ಕೈ ಮುಗಿದೆ.

ಭೀಮಪ್ಪ ನನ್ನ ಮುಖ ನೋಡಿದ. “ಯಾವ ಜಕಾತಿರೀ? ಎರಡೂ ಊರು ಮುಂಬೈ ಸರ್ಕಾರಕ್ಕ ಸೇರಿ ಎಂಟು ದಿನ ಆತು. ನಾಕಾ ಮುಚ್ಚೈತಿ. ನಾ ಸುಮ್ನ ಕುಂತೇನಿ, ಮನ್ಯಾಗ ಬ್ಯಾಸರಾಕ್ಕೈತಿ ಅಂತ.”

ನಕ್ಕ ಜನವೇ ಒದ್ದೆ ಸೀರೆಯನ್ನು ಮೆರವಣಿಗೆಯಲ್ಲಿ ಮದುವೆ ಮನೆಗೆ ಒಯ್ದರು. ಹಳದಿ ಅಂಚಿಗೆಲ್ಲ ಕೆಂಪು ಇಳಿದಿತ್ತು. ಮದುಮಗಳು ಅಳುತ್ತಾಳೆಂದು ನಾನು ಕಂಬದ ಮರೆಗೆ ಸರಿದೆ. ಅವಳು ನಕ್ಕು ನಕ್ಕು ಸುಸ್ತಾಗಿ, ಇದೇ ಸೀರೆ ಉಡುತ್ತೇನೆಂದು ಹಟ ಹಿಡಿದಳು. ಉಟ್ಟಳು ಕೂಡ. ಅಕ್ಷತೆ ಬೀಳುವಾಗಲೂ ನನ್ನ ಕಡೆ ನೋಡಿ ನಗುತ್ತಿದ್ದಳು.

ನನ್ನ ಹೆಂಡತಿ ಮಾತ್ರ ನಗದೆ, ಬಚ್ಚಲಲ್ಲಿ ಸೀಗೆಕಾಯಿ ಹಾಕಿ ನನ್ನ ಕೆಂಪು ಹೊಟ್ಟೆಯನ್ನು ತಿಕ್ಕಿಯೇ ತಿಕ್ಕಿದಳು. ಕೊನೆಗೆ ಒಂದೇ ಮಾತು ಹೇಳಿದಳು.

“ಸೀರಿ ಬಣ್ಣ ಒಂದ ಒಗತಕ್ಕ ಹೋತು. ನಿಮ್ಮ ಚರ್ಮಕ್ಕ ಮಾತ್ರ ಛಲೋ ಹತ್ತೈತಿ ನೋಡ್ರಿ.”