ಹಿರಿಯರ ವಿರುದ್ಧ ನಾನು ಬರೆದ ಎರಡು ಸಾಲು

ನನಗೆ ಇಪ್ಪತ್ತೊಂಬತ್ತು ವರ್ಷ. ನಾನು ಹಿರಿಯಳೋ ಕಿರಿಯಳೋ ಎಂಬುದು ಕಳೆದ ಶನಿವಾರದ ತನಕ ನನಗೆ ಖಚಿತವಾಗಿ ಗೊತ್ತಿತ್ತು.

ನಾದಿನಿ ದೀಪಿಕ ಇಲ್ಲೇ ಭಾರತೀನಗರದಲ್ಲಿ ಎರಡನೇ ಬಿ.ಎ. ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಒಂದು ಪ್ರತಿಭಟನೆಯ ರ‍್ಯಾಪ್ ಕಟ್ಟಿದ್ದಳು:

‘ಕೆರೆಗೆ ಕಸ ತುಂಬ್ಸಿದ್ರಿ, ಗದ್ದೇಲಿ ಸೈಟು ಹೊಡುದ್ರಿ,
ನಮ್ಗೇನು ಉಳಿಸಿದ್ರಿ ಹಿರಿಯರೇ, ಬರೀ ಬುದ್ಧಿ ಹೇಳಿದ್ರಿ!’

ಕೇಳುತ್ತಿದ್ದಂತೆ ನನ್ನ ರಕ್ತ ಕುದಿಯಿತು. (ಒಲೆಯ ಮೇಲೆ ಹಾಲೂ ಕುದಿಯುತ್ತಿತ್ತು, ಮೊದಲು ಅದನ್ನು ಇಳಿಸಿದೆ.) ಐದು ವರ್ಷದಿಂದ ಡೈರಿಯಲ್ಲಿ ಬಚ್ಚಿಟ್ಟಿದ್ದ ಎರಡು ಸಾಲನ್ನು ಹರಿದು ಗುಟ್ಟಾಗಿ ಅವಳ ಕೈಗಿಟ್ಟೆ:

‘ಮಾತಾಡುದ್ರೆ ಬಾಯಿ ಅಂದ್ರಿ, ಸುಮ್ನಿದ್ರೆ ಸೊಕ್ಕು ಅಂದ್ರಿ,
ಮುದ್ದೆ ಗಂಟಾದ್ರೆ ತೌರ್ಮನೇನೂ ಸೇರ್ಸಿ ಅಂದ್ರಿ!’

“ಬೆಂಕಿ ಅತ್ತಿಗೆ, ಬೆಂಕಿ!”

“ನಾನು ಬರ್ದಿದ್ದು ಅಂತ ಅತ್ತೇಗೆ ಗೊತ್ತಾದ್ರೆ ಮುಗೀತು ಕಣೆ. ನಾನು ಇದೇ ಮನೇಲಿ ಬಾಳ್ಬೇಕು” ಎಂದು ಆಣೆ ಇಡಿಸಿಕೊಂಡೆ.

ಶನಿವಾರ ನಡುಮನೆಯಲ್ಲಿ ಅಭ್ಯಾಸ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಸೋಮಮ್ಮನವರು ಕೆರೆಯ ಸಾಲಿಗೆ ತಲೆದೂಗಿದರು. ಸೈಟಿನ ಸಾಲಿಗೆ “ಇನ್ನೂ ಜೋರಾಗಿ ಏಳು, ನಿಮ್ಮಪ್ಪಂಗೂ ಕೇಳ್ಲಿ” ಎಂದರು. ಮುದ್ದೆಯ ಸಾಲು ಬಂತು, ಅವರ ಕೈ ನಿಂತಿತು.

“ದೀಪೂ, ನೀನು ಯಾವತ್ತೇ ಮುದ್ದೆ ತೊಳ್ಸಿದ್ದೆ?”

“ಅದು… ಕಲ್ಪನೆ ಕಣವ್ವ.”

“ನಿನ್ನ ತೌರು ನಾನೇ ಅಲ್ವೇನೆ! ನನ್ನ ನಾನೇ ಬೈಯ್ಕಂಡ್ನಾ? ಸೋಬಿತಾ, ಬಾವ್ವ ಇತ್ಲಾಗೆ.”

ನನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಹೋದೆ. ಮಗು ಎತ್ತಿಕೊಂಡವಳನ್ನು ಯಾರೂ ಬೈಯುವಂತಿಲ್ಲ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಭರವಸೆಯಿಂದ.

ಅವರು ಬೈಯಲಿಲ್ಲ. ಸೆರಗು ಸಿಕ್ಕಿಸಿ ಎದ್ದರು. ನಮ್ಮ ಕಡೆ ಮದುವೆಗಳಲ್ಲಿ ಬೀಗರನ್ನು ಪದ ಕಟ್ಟಿ ಬೈಯುವುದು ವಾಡಿಕೆ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಪದದಲ್ಲೇ ತಿರುಗಿಸಿ ಕೊಡಬೇಕು. ಅತ್ತೆ ರ‍್ಯಾಪನ್ನೂ ಅದೇ ಜಾತಿಗೆ ಸೇರಿಸಿದರು:

‘ಸಕ್ರೆ ಫ್ಯಾಕ್ಟ್ರಿ ಊರಲ್ಲಿ ಸಪ್ಪೆ ಕಾಪಿ ಕುಡುಸ್ತಾಳೆ,
ಅನ್ನ ಕೇಳುದ್ರೆ ಅರ್ಧ ಸೌಟು ಅಳ್ದು ಬಡುಸ್ತಾಳೆ,
ಟೀವಿ ಆರುಸ್ತಾಳೆ, ಮಾತ್ರೆ ನುಂಗುಸ್ತಾಳೆ,
ಈ ಮನೇಲಿ ದೊಡ್ಡೋರು ಯಾರೇಳಿ, ಚಿಕ್ಕೋರು ಯಾರೇಳಿ!’

“ಅತ್ತೆ, ಶುಗರ್ ಮುನ್ನೂರಿತ್ತು! ಡಾಕ್ಟ್ರೇ ಹೇಳಿದ್ದು!”

“ಪದದಲ್ಲಿ ಏಳವ್ವ.”

‘ಮುನ್ನೂರಿ’ಗೆ ಪ್ರಾಸ ಹುಡುಕತೊಡಗಿದೆ.

“ಪರೀಕ್ಷೆ ಅಂತ ಅತ್ತಿಗೆ ನನ್ನ ಫೋನೂ ಕಿತ್ಕೊತಾರೆ ಕಣವ್ವ!” ಎಂದು ದೀಪಿಕ ಆಣೆ ಸಮೇತ ಪಕ್ಷಾಂತರ ಮಾಡಿದಳು.

“ಎಲ್ಲ ನಿಮ್ಮ ಒಳ್ಳೇದಕ್ಕೇ ಮಾಡಿದ್ದು” ಎಂದೆ. ಥೇಟ್ ಅತ್ತೆಯ ಮಾತು! ನನ್ನ ಬಾಯಿಗೆ ಯಾವಾಗ ಬಂತು?

ವಾರ್ಷಿಕೋತ್ಸವದಲ್ಲಿ ತಾಯಿ ಮಗಳು ಇಬ್ಬರೂ ವೇದಿಕೆ ಹತ್ತಿದರು. ನನ್ನ ಸಾಲು ಬಿಟ್ಟು, ಆ ಜಾಗಕ್ಕೆ ಅತ್ತೆಯ ಪದ ಸೇರಿಸಿದ್ದರು. ಹುಡುಗರು ಶಿಳ್ಳೆ ಹೊಡೆದರು, ಮೇಷ್ಟ್ರುಗಳು ಎದ್ದು ನಿಂತರು. ಪದ ಕಟ್ಟಿದ್ದು ನನ್ನ ಮೇಲೆ ಎಂದು ಯಾರಿಗೂ ಅನುಮಾನ ಬರದಿರಲೆಂದು ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಹಾಡು ಮುಗಿಯಿತು, ಅತ್ತೆ ಮೈಕು ಬಿಡಲಿಲ್ಲ.

“ಆ ದೊಡ್ಡೋರು ಯಾರು ಅಂತೀರಾ? ಅಗೋ, ಮೂರ್ನೇ ಸಾಲಲ್ಲಿ, ತೊಡೆ ಮ್ಯಾಲೆ ಮಗು ಕೂರುಸ್ಕಂಡು ಕೈ ತಟ್ತಾವ್ಳಲ್ಲ, ಅವ್ಳೇ ಕಣ್ರಪ್ಪ!”