ನೇರಳೆ ಅಂಗಿಯ ಗೂಢಚಾರ

ಇದು ನಿಜವಾಗಿ ನಡೆದ ಕತೆ. ಸುಳ್ಳೆನ್ನುವವರು ನೆಬ್ರಾಸ್ಕಾದ ಆ ಕಾಲೇಜಿಗೆ ಹೋಗಿ ಮೈದಾನದ ಬೇಲಿಯನ್ನೇ ವಿಚಾರಿಸಬಹುದು. ಕೋಚ್ ರಕರ್ ಪ್ರಕಾರ ಅಲ್ಲಿ ಬೇಲಿಗೂ ಕಿವಿಯಿದೆ.

ಎಲ್ಲಕ್ಕೂ ಮೂಲ, ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಟೇಟ್ ತನ್ನ ಗೆಳೆಯ ವೆಸ್‌ನ ಕಿವಿಯಲ್ಲಿ ಊದಿದ ಪಿಸುಮಾತು.

"ವೆಸ್, ಇವತ್ತು ನಿನ್ನ ಸರದಿ ಕಣೋ. ಸ್ಕಾಲರ್‌ಶಿಪ್ಪು! ಸಹಾಯಕ ಕೋಚು ಫೋನಲ್ಲಿ ಹೇಳ್ತಿದ್ದಿದ್ದನ್ನ ಈ ಎರಡು ಕಿವೀಲಿ ಕೇಳಿದೀನಿ."

"ತಮಾಷೆ ಬೇಡ."

"ನಮ್ಮಮ್ಮನಾಣೆ. ಆದ್ರೆ ಇವರು ಸುಮ್ಮನೆ ಕೊಡಲ್ಲ, ಗೊತ್ತಲ್ಲ? ಮೊದಲು ನಾಟಕ ಆಡಿ ಹೆದರಿಸ್ತಾರೆ, ಆಮೇಲೆ ಕೊಡ್ತಾರೆ. ಹೋದ ವರ್ಷ ಆ ದಪ್ಪ ಡಾರ್ನೆಲ್‌ಗೆ ಪೊಲೀಸರನ್ನ ಕರೆಸಿ ಬೇಡಿ ಹಾಕಿಸಿರಲಿಲ್ವಾ? ಅತ್ತು ಅತ್ತು ಮೂಗಲ್ಲಿ ಗುಳ್ಳೆ ಬಿಟ್ಟ. ವಿಡಿಯೋ ದೇಶವೆಲ್ಲ ನೋಡ್ತು. ನೀನು ಮಾತ್ರ ಅಳಬೇಡ. ಏನು ಮಾಡಿದ್ರೂ ಹೂಂ ಅಂದ್ಕೊಂಡು ನಗ್ತಾ ಇರು."

ವೆಸ್ಲಿ ನೋವೊಟ್ನಿಯ ಹೆಸರಿನಲ್ಲೇ ನೋವಿತ್ತು. ಸಾಲದ್ದನ್ನು ಹೆಲ್ಮೆಟ್ ತೊಟ್ಟು ಗುದ್ದಾಡುವ ಅಮೆರಿಕದ ಫುಟ್‌ಬಾಲ್ ಒದಗಿಸಿತ್ತು. ಅವನು ವಾಕ್‌ಆನ್. ಎಂದರೆ ಯಾರೂ ಕರೆಯದೆ ತಂಡಕ್ಕೆ ಬಂದು, ತನ್ನ ಫೀಸು ತಾನೇ ಕಟ್ಟಿ, ತನ್ನ ಪಕ್ಕೆಲುಬು ತಾನೇ ಮುರಿಸಿಕೊಳ್ಳುವ ಜಾತಿ. ಕರೆಯದ ಮದುವೆಗೆ ಬಂದು, ಪಂಕ್ತಿಯಲ್ಲಿ ಕೂರದೆ, ಎಲೆ ಎತ್ತಿ ಹೋಗುವ ಅತಿಥಿಯ ಹಾಗೆ.

ಮೂರು ವರ್ಷದಿಂದ ಅವನಿಗೆ ಒಂದೇ ಕೆಲಸ. ಶನಿವಾರ ಎದುರಾಗಲಿರುವ ತಂಡದ ಹೀರೋನ ವೇಷ ಹಾಕಿ, ಅಭ್ಯಾಸದಲ್ಲಿ ನಮ್ಮವರ ಕೈಲಿ ಒದೆ ತಿನ್ನುವುದು. ವಾರಕ್ಕೊಂದು ಅಂಗಿ, ವಾರಕ್ಕೊಂದು ನಂಬರು, ವಾರಕ್ಕೊಂದು ನಡಿಗೆ. ಈ ವಾರ ಅವನು ಬದ್ಧವೈರಿ ನೇರಳೆ ತಂಡದ ಹನ್ನೆರಡನೇ ನಂಬರಿನವನು. ಆ ಹೀರೋ ಚೆಂಡು ಹಿಡಿಯುವ ಮುಂಚೆ ಬೆರಳು ನೆಕ್ಕುವುದು, ಟೆಕ್ಸಸ್ ರಾಗದಲ್ಲಿ ಮಾತನ್ನು ಎಳೆಯುವುದು, ಒಂಟೆಯಂತೆ ಕತ್ತು ಚಾಚಿ ಓಡುವುದು, ಎಲ್ಲವನ್ನೂ ವಿಡಿಯೋ ನೋಡಿ ನೋಡಿ ಕಲಿತಿದ್ದ. ವೇಷ ಮೈಗೆ ಹತ್ತಲಿ ಎಂದು ನೇರಳೆ ಅಂಗಿಯನ್ನು ಬೆಳಗಿನಿಂದಲೇ ತೊಟ್ಟಿದ್ದ. "ಆ ಹುಡುಗ ಯಾರಯ್ಯಾ? ಅವನಿಗೇನಾದ್ರೂ ಒಳ್ಳೇದು ಮಾಡ್ಬೇಕು" ಎಂದು ಕೋಚ್ ರಕರ್ ಒಮ್ಮೆ ಅಂದಿದ್ದರಂತೆ. ಆದರೆ ಅವರು ಕಂಡದ್ದು ಹೆಲ್ಮೆಟ್ಟನ್ನು, ಒಳಗಿನ ಮುಖವನ್ನಲ್ಲ.

ಈ ಸ್ಕಾಲರ್‌ಶಿಪ್ಪು ಸಿಗದಿದ್ದರೆ ಕ್ರಿಸ್‌ಮಸ್ ಕಳೆದ ಮೇಲೆ ಓದೂ ಇಲ್ಲ, ಆಟವೂ ಇಲ್ಲ. ಲುಮೀರ್ ಮಾವನ ಹಂದಿ ಫಾರಮ್ಮೇ ಗತಿ. ಮಾವ ಆಗಲೇ ಅವನಿಗೊಂದು ಜೊತೆ ಗಂಬೂಟು ಕೊಳ್ಳಲು ಹೊರಟಿದ್ದ.

ಅಂತೂ ಪಿಸುಮಾತು ಕಿವಿಗೆ ಬಿದ್ದದ್ದೇ ತಡ, ವೆಸ್‌ಗೆ ಕಂಡದ್ದೆಲ್ಲ ನಾಟಕವೇ ಎಂಬ ಅನುಮಾನ. ಕ್ಯಾಂಟೀನಿನಲ್ಲಿ ಬಡಿಸುವವಳು ಚಿಲ್ಲಿ ಎಂಬ ಮಾಂಸದ ಸಾರಿನ ಜೊತೆಗೆ ಕೊಡುವ ದಾಲ್ಚಿನ್ನಿ ರೋಲು ಮುಗಿದಿದೆ ಎಂದಳು. ವೆಸ್ ಕಣ್ಣು ಹೊಡೆದ. ಅವಳು ಮ್ಯಾನೇಜರನ್ನು ಕರೆದಳು. ಅಲ್ಲಿಂದ ಪಾರಾಗಿ ಹೊರಬಂದರೆ, ತಪ್ಪು ಜಾಗದಲ್ಲಿ ನಿಲ್ಲಿಸಿದ್ದ ಅವನ ಹಳೆಯ ಗಾಡಿಯನ್ನು ಎಳೆದೊಯ್ಯಲು ಲಾರಿ ಬಂದಿತ್ತು. ವೆಸ್ ತಾನೇ ಬಗ್ಗಿ ಸರಪಳಿ ಸಿಕ್ಕಿಸಿಕೊಟ್ಟ.

"ನಿನ್ನಂಥ ಗಿರಾಕೀನ ನಾನು ನೋಡೇ ಇಲ್ಲ" ಎಂದ ಲಾರಿಯವನು.

"ನಿಮ್ಮಂಥ ನಟನ್ನ ನಾನೂ ನೋಡಿಲ್ಲ ಬಿಡಿ!"

ಈ ಗಲಾಟೆಯಲ್ಲಿ ತಂಡದ ಸಭೆಗೆ ತಡವಾಯಿತು. ಸಭೆಗೆ ಕೋಚ್ ರಕರ್ ಮಾಡಿದ ಕಾನೂನು ಊರಿಗೇ ಗೊತ್ತು: ಬಾಗಿಲು ಮುಚ್ಚಿದ ಮೇಲೆ ಹೊರಗಿದ್ದವನು ಹುಟ್ಟೇ ಇಲ್ಲ. ಕಪಾಟು ತುಂಬ ಕಪ್ಪು ಗೆದ್ದ ಮನುಷ್ಯ. ತಲೆ ತುಂಬ ಸಂಶಯ. ಹೊಲಕ್ಕೆ ಔಷಧಿ ಸಿಂಪಡಿಸುವ ವಿಮಾನ ಹಾರಿದರೂ ಆಟ ನಿಲ್ಲಿಸಿ, ಹುಡುಗರನ್ನೆಲ್ಲ ಹುಲ್ಲಿನ ಮೇಲೆ ಬೋರಲು ಮಲಗಿಸುತ್ತಿದ್ದರು. ಈ ಪಂದ್ಯಕ್ಕೆಂದೇ ಹಿಂಬದಿಯ ಗೇಟಿಗೆ ಅರ್ಲೀನ್ ಎಂಬ ಹೊಸ ಕಾವಲುಗಾರ್ತಿಯನ್ನು ನೇಮಿಸಿದ್ದರು. ಹತ್ತಿರದ ದಾರಿಯೆಂದು ವೆಸ್ ಓಡಿದ್ದು ಅದೇ ಗೇಟಿಗೆ.

"ನಿಲ್ಲಪ್ಪಾ ನೇರಳೆ! ಯಾರು ನೀನು?"

ವೆಸ್‌ನ ಎದೆ ಕುಣಿಯಿತು. ಇದೇ ನಾಟಕ! ಕ್ಯಾಮೆರಾ ಆ ಕಸದ ಡಬ್ಬದ ಹಿಂದಿರಬೇಕು. ಡಬ್ಬದ ಕಡೆ ತಿರುಗಿ ಕೂದಲು ಸರಿಮಾಡಿಕೊಂಡ. ಬೆರಳು ನೆಕ್ಕಿದ. ಕತ್ತು ಚಾಚಿದ.

"ನಾನೇನಮ್ಮಾ... ಹನ್ನೆರಡನೇ ನಂಬರೂ... ನೇರಳೆ ತಂಡದವ್ನೂ..."

ಅರ್ಲೀನ್ ಸೀಟಿ ಊದಿದಳು. ಸಭೆಗೆ ಹೊರಟಿದ್ದ ಕೋಚ್ ರಕರ್ ಅರ್ಧ ದಾರಿಯಿಂದಲೇ ಓಡಿಬಂದರು.

"ಯಾವನೋ ನಿನ್ನ ಕಳಿಸಿದ್ದು?"

"ನೇರಳೆ ತಂಡದವರೇ, ಕೋಚ್. ನಾನು ಗೂಢಚಾರ, ಒಪ್ಕೊಂಡೆ. ಬೇಡಿ ಎಲ್ಲಿ?" ವೆಸ್ ನಗುತ್ತ ಎರಡೂ ಕೈ ಚಾಚಿದ.

"ಏನೇನು ತಿಳ್ಕೊಂಡಿದೀಯ?"

ತಿಳಿಯದ್ದೇನಿತ್ತು? ಒದೆ ತಿಂದು ಕಲಿತ ವಿದ್ಯೆ. ಎಡಕ್ಕೆ ತೋರಿಸಿ ಬಲಕ್ಕೆ ನುಗ್ಗುವ ಆಟ ಯಾವುದು, ಕೋಚ್ ಟೋಪಿ ಮುಟ್ಟಿ ಸನ್ನೆ ಮಾಡಿದರೆ ಅರ್ಥವೇನು, ಎಲ್ಲವನ್ನೂ ಗಿಳಿಯ ಹಾಗೆ ಒಪ್ಪಿಸಿದ. ಕೊನೆಗೆ ಕೋಚರ ಹಾಗೇ ಗಮ್ ಜಗಿಯುತ್ತ, ಅವರದೇ ಗಂಟಲಲ್ಲಿ, "ಮೂಗು ಮುಟ್ಟಿದ್ದು ಸನ್ನೆ ಅಲ್ರೋ ದಡ್ಡರಾ, ನಿಜವಾಗ್ಲೂ ತುರಿಸ್ತು!" ಎಂದು ಗುಡುಗಿದ.

ಕೋಚರ ಮುಖ ಕೆಂಪಾಗಿ, ಆಮೇಲೆ ಅವನ ಅಂಗಿಯ ಬಣ್ಣಕ್ಕೇ ತಿರುಗಿತು. "ನನ್ನ ಗಂಟಲನ್ನೂ ಕದ್ದಿದಾರೆ! ಅರ್ಲೀನ್, ಫೋನ್ ಕಿತ್ಕೊಂಡು ಇವನನ್ನ ಆಚೆ ನೂಕು!"

ಅರ್ಲೀನ್ ಒಂದೇ ಕೈಲಿ, ಅಕ್ಕಿ ಮೂಟೆ ಇಳಿಸಿದಂತೆ ಅವನನ್ನು ರಸ್ತೆಗೆ ಇಳಿಸಿದಳು.

"ಎಷ್ಟು ಸಹಜವಾಗಿ ಮಾಡ್ತೀರಮ್ಮಾ!" ಎಂದ ವೆಸ್, ಮೊಣಕೈ ಉಜ್ಜಿಕೊಳ್ಳುತ್ತ.

ಬೇಲಿಯಾಚೆ ಚಳಿಗಾಳಿಯಲ್ಲಿ ಕಾದ. ಒಳಗಿನಿಂದ ಛಾವಣಿ ಹಾರುವಂಥ ಕೇಕೆ ಕೇಳಿಸಿತು. ಈಗ ಬರ್ತಾರೆ, ಹೆಗಲ ಮೇಲೆ ಹೊರ್ತಾರೆ. ಹೊರಲು ಸುಲಭವಾಗಲೆಂದು ಮೈ ಸಡಿಲ ಬಿಟ್ಟು ನಿಂತ. ಕೇಕೆ ನಿಂತಿತು. ಯಾರೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಂದವನು ಟೇಟ್ ಒಬ್ಬನೇ, ಕಣ್ಣು ಕೆಂಪಗೆ.

"ಎಲ್ಲಿ ಹಾಳಾಗಿ ಹೋಗಿದ್ದೆಯೋ ಮಾರಾಯಾ!" ಎಂದು ರಟ್ಟೆ ಹಿಡಿದು ಸಭೆಯ ಕೋಣೆಗೆ ಎಳೆದೊಯ್ದ.

"ಮತ್ತೆ ಬಂದನಾ ಗೂಢಚಾರ!" ಕೋಚ್ ಎದ್ದು ನಿಂತರು.

"ಇವನೇ ಕೋಚ್, ವೆಸ್ ನೋವೊಟ್ನಿ."

ಕೋಚ್ ಹತ್ತಿರ ಬಂದು ದಿಟ್ಟಿಸಿದರು. "ಹೆಲ್ಮೆಟ್ ಹಾಕಯ್ಯಾ."

ಟೇಟ್ ಒಂದನ್ನು ಎತ್ತಿ ಕೊಟ್ಟ, ವೆಸ್ ಹಾಕಿಕೊಂಡ.

"ಅಯ್ಯೋ ದೇವರೇ, ಇವನೇ!" ಕೋಚ್ ಕುರ್ಚಿಗೆ ಕುಸಿದರು. "ಮಗಾ, ನಿನ್ನ ಹೆಸರು ಕೂಗಿದೆ. ಯಾರೂ ಏಳಲಿಲ್ಲ. ಬೆವರಿಗೆ ಬೆಲೆ ಕೊಡೋ ದಿನಾನೇ ಚಕ್ಕರ್ ಹೊಡೆದ ಅಂದ್ಕೊಂಡೆ. ಬಾಗಿಲು ಮುಚ್ಚಿತ್ತಲ್ಲ. ಇದ್ದದ್ದು ಒಂದೇ ಸ್ಕಾಲರ್‌ಶಿಪ್ಪು. ಟೇಟೂ ನಿನ್ನ ಹಾಗೇ ಫೀಸು ಕಟ್ಟೋನಲ್ವಾ, ಅವನಿಗೆ ಕೊಟ್ಟುಬಿಟ್ಟೆ. ಅವರಮ್ಮ ಫೋನಲ್ಲಿ ಅತ್ತಿದ್ದೂ ಆಯ್ತು. ಈ ವರ್ಷ ನಾಟಕ ಗೀಟಕ ಬೇಡ ಅಂತ ನಾನೇ ಹೇಳಿದ್ದೆ ಕಣಯ್ಯಾ."

ಟೇಟ್ ಏನೋ ಹೇಳಹೋಗಿ ಬಿಕ್ಕಿದ. ಅವನ ಮೂಗಿನಲ್ಲೊಂದು ಗುಳ್ಳೆ ಮೂಡಿ ಒಡೆಯಿತು.

ಆ ಗುಳ್ಳೆಯನ್ನು ಕಂಡದ್ದೇ, ವೆಸ್ ಹೆಲ್ಮೆಟ್ ತೆಗೆದು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಮೊದಲು ಹಿಂದಿನ ಸಾಲಿನವರು, ಆಮೇಲೆ ಕೋಣೆಯೇ ನಕ್ಕಿತು. "ಎಂಥಾ ಗುಂಡಿಗೆ ಈ ಹುಡುಗಂದು!" ಎಂದು ಕೋಚ್ ಕಣ್ಣೊರಸಿಕೊಂಡು ನಕ್ಕರು. ಅರ್ಲೀನ್ ಬಂದು ಫೋನ್ ಹಿಂದಕ್ಕೆ ಕೊಟ್ಟಳು. ಅದರಲ್ಲಿ ಲುಮೀರ್ ಮಾವನ ಸಂದೇಶ: "ಗಂಬೂಟಿನ ಅಳತೆ ಯಾವುದೋ?"

"ಮಾವನನ್ನೂ ಸೇರಿಸ್ಕೊಂಡಿದೀರಾ!" ಎಂದು ವೆಸ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಅವನ ಕಣ್ಣು ಕೋಣೆಯ ಮೂಲೆ ಮೂಲೆಯಲ್ಲೂ ಕ್ಯಾಮೆರಾ ಹುಡುಕುತ್ತಿತ್ತು.